ಉಂಡೆಗೊಬ್ಬರಿಯ ಇನ್ನೊಂದು ಹೆಸರು

ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಿಂದ ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಹಿಂದೂ ಮಹಾಸಾಗರದ ತಡಿಯಲ್ಲಿ, ಬಗಮೋಯೋ ಎಂಬ ಪುರಾತನ ಪಟ್ಟಣವಿದೆ. ಆಫ್ರಿಕದ ಒಳನಾಡಿನಿಂದ ಆನೆದಂತವನ್ನೂ ದಾಸರನ್ನೂ ತರುತ್ತಿದ್ದ ಸಾರ್ಥಗಳು ಬಂದು ಸೇರುತ್ತಿದ್ದ ಈ ಊರಿನ ಹೆಸರಿಗೆ ‘ಎದೆಯ ಭಾರವನ್ನಿಳಿಸು’ ಎಂದು ಅರ್ಥ ಹೇಳುವವರುಂಟು. ವರ್ತಕನ ಎದೆಯೋ ಸೆರೆಯಾಳಿನ ಎದೆಯೋ ಎಂಬುದನ್ನು ಮಾತ್ರ ಅವರು ಬಿಡಿಸಿ ಹೇಳರು. ಅದರ ಸಮೀಪದ ಬಡ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಾರಕ್ಕೊಂದು ದಿನ ಗಣಿತವನ್ನು ಕಲಿಸಲು ನಾನಾಗಿಯೇ ಒಪ್ಪಿಕೊಂಡುದಕ್ಕೆ ಲೋಕಸೇವೆಯ ಅಭಿಲಾಷೆಗಿಂತಲೂ ಅಲ್ಲಿಯ ತೆಂಗಿನ ಮರಗಳೇ ಹೆಚ್ಚು ಕಾರಣವೆಂದರೆ, ತೆಂಗಿನ ನಾಡಾದ ತುರುವೇಕೆರೆ ಸೀಮೆಯ ದಬ್ಬೇಘಟ್ಟದಲ್ಲಿ ಹುಟ್ಟಿ ಬೆಳೆದವನ ಮಾತೆಂದು ವಾಚಕರು ಮನ್ನಿಸಬೇಕು.

ಮೊದಲ ದಿನವೇ ಪ್ರಮಾದ. ‘ಸಾಅ ಮ್ಬಿಲಿ’ಗೆ, ಎಂದರೆ ಎರಡು ಗಂಟೆಗೆ, ಬನ್ನಿರೆಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಊಟ ಮುಗಿಸಿಕೊಂಡು ಸಕಾಲಕ್ಕೆ ಹೋದೆನು. ಅಂಗಳದಲ್ಲಿ ಒಂದು ಮೇಕೆಯ ಹೊರತು ಯಾರೂ ಇರಲಿಲ್ಲ. ಅಲ್ಲಿಯ ಭಾಷೆಯಾದ ಸ್ವಾಹಿಲಿಯಲ್ಲಿ ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುವುದರಿಂದ ಅವರ ಎರಡು ನಮ್ಮ ಬೆಳಗಿನ ಎಂಟಂತೆ! ಉದಯದಿಂದ ಗಳಿಗೆಗಳನ್ನೆಣಿಸಿ ಪಂಚಾಂಗ ನೋಡುತ್ತಿದ್ದ ತಾತನ ಮೊಮ್ಮಗನಿಗೆ ಇಷ್ಟು ಹೊಳೆಯಬೇಕಾಗಿತ್ತು. ಮರುವಾರ ಮಕ್ಕಳು ಎದ್ದು ನಿಂತು ‘ಶಿಕಮೋ’ ಎಂದರು. ‘ಪಾದ ಹಿಡಿದೆ’ ಎಂಬುದು ಅದರ ಮೂಲಾರ್ಥವಂತೆ, ನಮ್ಮ ಕಡೆ ಹಿಂದಿನವರು ‘ಅಡ್ಡಬಿದ್ದೆ’ ಎನ್ನುತ್ತಿದ್ದ ಹಾಗೆ.

ಪ್ರಾಥಮಿಕ ಶಾಲೆಯಲ್ಲಿ ಸ್ವಾಹಿಲಿಯಲ್ಲಿ ಓದಿದ ಈ ಮಕ್ಕಳಿಗೆ ಪ್ರೌಢಶಾಲೆಯಲ್ಲಿ, ಸ್ವಾಹಿಲಿ ಪಾಠವೊಂದನ್ನುಳಿದು, ಸಕಲ ಪಾಠಗಳೂ ಇಂಗ್ಲಿಷಿನಲ್ಲಿ. ‘ಮ್ವಾಲಿಮು’, ಅರ್ಥಾತ್ ಉಪಾಧ್ಯಾಯರು, ಎಂದೇ ಜನರು ಕರೆದ ಪ್ರಥಮ ರಾಷ್ಟ್ರಾಧ್ಯಕ್ಷ ಜೂಲಿಯಸ್ ನ್ಯೆರೆರೆಯವರು ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನೇ 1963ರಲ್ಲಿ ಸ್ವಾಹಿಲಿಗೆ ತಂದು ಆ ಭಾಷೆಯ ಸಾಮರ್ಥ್ಯವನ್ನು ಮೆರೆಸಿದ್ದರೂ, ಮಕ್ಕಳು ಅದನ್ನು ಪ್ರೌಢಶಾಲೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗುವುದು ತಪ್ಪಲಿಲ್ಲ.

200ರಲ್ಲಿ ಶೇಕಡ 10ನ್ನು ಕಳೆದರೆ ಉಳಿಯುವುದೆಷ್ಟೆಂದು ಇಂಗ್ಲಿಷಿನಲ್ಲಿ ಕೇಳಿದೆನು. ತರಗತಿಗೆ ತರಗತಿಯೇ ನೆಲ ನೋಡಿತು. ನನ್ನ ಹರಕು ಸ್ವಾಹಿಲಿಯಲ್ಲಿ, 200 ‘ನಾಜಿ’, ಎಂದರೆ ತೆಂಗಿನಕಾಯಿ, ಹತ್ತಕ್ಕೊಂದು ಕೆಟ್ಟಿದೆ ಎನ್ನುವಷ್ಟರಲ್ಲಿಯೇ ‘ಮಿಯಾ ಮೋಜಾ ನಾ ಥೆಮಾನಿನಿ’ ಎಂದು ನಾಲ್ಕು ಕಡೆಯಿಂದ ಉತ್ತರ ಬಂದಿತು: ನೂರ ಎಂಬತ್ತು. ಹಳ್ಳಿಯ ಶಾಲೆಯಲ್ಲಿ ಲ.ಸಾ.ಅ.ವನ್ನು ಬಾಯಲ್ಲೇ ತೆಗೆಯಬಲ್ಲವನಾಗಿದ್ದ ನಾನು ತಿಪಟೂರಿಗೆ ಪಿಯುಸಿ ಓದಲು ಬಂದ ಮೊದಲ ವಾರ ಎಲ್.ಸಿ.ಎಂ. ಎಂಬ ಮೂರಕ್ಷರದ ಮುಂದೆ ಮೂಕನಾಗಿ ಕುಳಿತುದು ಆಗ ನೆನಪಿಗೆ ಬಂದಿತು. ದಡ್ಡನೆಂದು ನನ್ನನ್ನು ಯಾರೂ ಅನ್ನಲಿಲ್ಲ. ನಾನೇ ಹಾಗೆಂದುಕೊಂಡೆನು, ಅದು ಹೆಚ್ಚು ದಿನ ಬಾಳಿತು.

ಎರಡು ವಾರಕ್ಕೆಂದು ಇಂಥ ಶಾಲೆಗಳಿಗೆ ಬಂದು, ಮಕ್ಕಳ ನಡುವೆ ನಿಂತು ಫೋಟೋ ತೆಗೆಸಿಕೊಂಡು ತೆರಳುವ ಪರದೇಶಿ ಸ್ವಯಂಸೇವಕರನ್ನು ಕಂಡು ನಗುವ ಅಧಿಕಾರ ನನಗಿಲ್ಲ; ವಾರಕ್ಕೊಂದು ದಿನ ಬರುವವನೂ ಅತಿಥಿಯೇ. ಮಳೆಗಾಲದಲ್ಲಿ ತಗಡಿನ ಸೂರಿನ ಸದ್ದಿಗೆ ಮಾತು ಕೇಳಿಸದಾದಾಗ, ಸೀಮೆಸುಣ್ಣದಿಂದಲೇ ಪಾಠ ಮುಗಿಸಿ ಮರುದಿನವೂ ಅಲ್ಲಿಗೇ ಬರುತ್ತಿದ್ದವರು ಆ ಊರಿನ ಉಪಾಧ್ಯಾಯರು.

ನಿಮ್ಮೂರಿನಲ್ಲಿ ನಾಜಿಯನ್ನು ಏನು ಮಾಡುವಿರೆಂದು ಒಂದು ದಿನ ಮಕ್ಕಳು ಕೇಳಿದರು. ಸುಲಿಯದ ಕಾಯಿಗಳನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಟ್ಟರೆ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲ್ಲಾಡಿಸಿದಾಗ ಒಳಗೆ ಗಡಗಡನೆ ಉರುಳುವುದೆಂದೂ, ಅದನ್ನೊಡೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುವೆವೆಂದೂ, ಪದಗಳು ಸಾಲದೆ ಅರ್ಧ ಕೈಯಿಂದಲೇ ಅಭಿನಯಿಸಿ ಹೇಳಿದೆನು. ಉಂಡೆಗೊಬ್ಬರಿಗೆ ಅವರ ಭಾಷೆಯಲ್ಲಿ ಹೆಸರೆಲ್ಲಿಂದ ಬರಬೇಕೆಂದುಕೊಳ್ಳುತ್ತಿರುವಾಗ, ಅದುವರೆಗೆ ಬಾಯಿಬಿಡದಿದ್ದ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ನನ್ನ ಅಜ್ಞಾನಕ್ಕೆ ಮರುಗಿದವಳಂತೆ, ಮೆಲ್ಲನೆ ‘ಮ್ಬಾಟಾ’ ಎಂದಳು; ಆಮೇಲೆ ಎದ್ದು ಬಂದು ಹಲಗೆಯ ಮೇಲೆ ಅದನ್ನು ನನಗಾಗಿ ಬರೆದಳು.