ಹೊಗೆಮನೆಯ ಮೀನು ಮತ್ತು ಕೂಡಿಡುವ ಪ್ರಶ್ನೆ

ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳ ನಂಬಿಕೆಯಂತೆ ಸಾಲ್ಮನ್‌ಗಳು ಸಮುದ್ರದಡಿ ಮನುಷ್ಯರಾಗಿ ಬಾಳುತ್ತವೆ. ಋತು ಬಂದಾಗ ಮೀನಿನ ಮೈತೊಟ್ಟು ತಾವಾಗಿಯೇ ನದಿಗೆ ಬರುತ್ತವೆ. ಆದ್ದರಿಂದ ವರ್ಷದ ಮೊದಲ ಮೀನನ್ನು ಅತಿಥಿಯಂತೆ ಬರಮಾಡಿಕೊಂಡು, ಎಲ್ಲರೂ ಹಂಚಿ ತಿಂದು, ಮೂಳೆಗಳನ್ನು ನೀರಿಗೇ ಮರಳಿಸುತ್ತಾರೆ. ಮೂಳೆ ನೀರು ಸೇರಿದರೆ ಮೀನು ಮತ್ತೆ ಬರುತ್ತದೆಂಬ ಎಣಿಕೆ.

ಇಲ್ಲೊಂದು ತೊಡಕಿದೆ. ತಾನಾಗಿ ಬಂದ ದಾನವನ್ನು ಚಳಿಗಾಲಕ್ಕೆಂದು ಕೂಡಿಡಬಹುದೇ? ಕೂಡಿಡದೆ ಬದುಕಂತೂ ಇಲ್ಲ. ಕೊಬ್ಬು ಕಡಿಮೆಯಿರುವ ಚಮ್ ಸಾಲ್ಮನ್ ಬೇಗ ಕಮಟು ಹಿಡಿಯುವುದಿಲ್ಲ. ಅದನ್ನು ತೆಳ್ಳಗೆ ಸೀಳಿ, ಸೀಡರ್ ಕಡ್ಡಿಗೆ ಸಿಕ್ಕಿಸಿ, ಆಲ್ಡರ್ ಕಟ್ಟಿಗೆಯ ಮಂದ ಹೊಗೆಯಲ್ಲಿ ದಿನಗಟ್ಟಲೆ ತೂಗುಹಾಕುತ್ತಾರೆ. ನೀರಿನಂಶ ಇಳಿದು, ಹೊಗೆಯ ರಾಸಾಯನಿಕಗಳು ಮೇಲ್ಮೈಗೆ ಅಂಟಿ, ಮೀನು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ.

ತೊಡಕಿಗೆ ಅವರು ಕಂಡುಕೊಂಡ ಉತ್ತರ ಔದಾರ್ಯ. ಪಾಟ್ಲ್ಯಾಚ್ ಎಂಬ ಔತಣದಲ್ಲಿ ಮಾನವೆಲ್ಲ ಕೂಡಿಟ್ಟದ್ದನ್ನು ಕೊಟ್ಟವನಿಗೇ. ಇದನ್ನು ದುಂದೆಂದು ಬಗೆದ ಕೆನಡಾ ಸರ್ಕಾರ 1885ರಿಂದ 1951ರವರೆಗೆ ಕಾನೂನಿನಿಂದ ತಡೆಯಿತು. ಆಸ್ತಿ ಗಳಿಕೆಯನ್ನೇ ನಾಗರಿಕತೆಯೆಂದು ತಿಳಿದವರಿಗೆ ಅದು ಅರ್ಥವಾಗದ್ದು ಸಹಜವೇ. 1921ರಲ್ಲಿ ವಿಲೇಜ್ ದ್ವೀಪದಲ್ಲಿ ನಡೆದ ಔತಣಕ್ಕಾಗಿ ಹಲವರು ಸೆರೆಮನೆ ಸೇರಿದರು, ಔತಣದಲ್ಲಿ ಬಳಸುವ ಮುಖವಾಡಗಳು ಮುಟ್ಟುಗೋಲಾದವು. ಔತಣಗಳು ಮಾತ್ರ ಗುಟ್ಟಾಗಿ ನಡೆಯುತ್ತಲೇ ಇದ್ದವು.