ಧಾರೆಯ ಮಣೆ

ಮುಹೂರ್ತ ಹತ್ತಿರವಾಗುತ್ತಿದ್ದಂತೆ ಪುರೋಹಿತರು ಕೂಗಿದರು: "ಧಾರೆ ಎರೆಯೋ ದಂಪತಿ ಬಂದು ಕೂತ್ಕೊಳ್ಳಿ." ಹುಡುಗಿಯ ಚಿಕ್ಕಪ್ಪ, ಚಿಕ್ಕಮ್ಮ ಮಣೆಯ ಮೇಲೆ ಕೂತರು. ಹೆತ್ತ ತಾಯಿ ಉಗ್ರಾಣದ ಬಾಗಿಲಲ್ಲಿ ನಿಂತಿದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೈಯಲ್ಲಿ ತಾಂಬೂಲದ ತೆಂಗಿನಕಾಯಿ ಲೆಕ್ಕದ ಚೀಟಿ. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಬರಬೇಡಿ ಎಂದು ಯಾರೂ ಅನ್ನಲಿಲ್ಲ. ಬನ್ನಿ ಎಂದೂ ಅನ್ನಲಿಲ್ಲ. ಅನ್ನದವರಲ್ಲಿ ನಾನೂ ಒಬ್ಬ.

ಬೀಗರಿಗೆ ಮುಂದಿನ ಸಾಲಿನ ಕುರ್ಚಿ ತಪ್ಪಿದರೆ ವರ್ಷಗಟ್ಟಲೆ ಮಾತು. ಹೆತ್ತವಳಿಗೆ ಮಣೆ ತಪ್ಪಿದರೆ ಸದ್ದೇ ಇಲ್ಲ.

ಧಾರೆಯಲ್ಲಿ ತಂದೆ ಮಗಳ ಕೈಯನ್ನು ವರನ ಕೈಗಿಡುತ್ತಾನೆ, ತಾಯಿ ಮೇಲಿಂದ ನೀರು ಬಿಡುತ್ತಾಳೆ. ಕೂಡಿ ಬೆಳೆಸಿದವರು ಕೂಡಿಯೇ ಬೀಳ್ಕೊಡಲಿ ಎಂಬ ಭಾವ ಅದರ ಹಿಂದಿದೆ, ಸುಂದರವಾದ ಭಾವವೇ. ಆದರೆ ಬೆಳೆಸಿದವಳು ಒಬ್ಬಳೇ ಆದಾಗ? ಆಗ ನಮಗೆ ಬೆಳೆಸಿದ್ದು ಮರೆತು, ಜೋಡಿಯಷ್ಟೇ ನೆನಪಿರುತ್ತದೆ.

ಜೋಡಿಯೇ ಬೇಕೆಂಬ ಈ ಹಟ ಕಾನೂನಿಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ ಸಪ್ತಪದಿಯ ಹೆಸರಿದೆ, ಕನ್ಯಾದಾನದ್ದಿಲ್ಲ. 1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ ಮಂತ್ರಮಾಂಗಲ್ಯ ಪದ್ಧತಿಯಲ್ಲೇ ನಡೆಸಿದರು. ದಾರಿಗಳಿಲ್ಲ ಎನ್ನುವಂತಿಲ್ಲ. ಆ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದು 'ಯಾರು ಏನಂದುಕೊಂಡಾರು' ಎಂಬ ಅಳುಕು. ಅದು ನಮ್ಮಲ್ಲಿತ್ತು, ಆಕೆಯಲ್ಲೂ ಇತ್ತು. ತನ್ನಿಂದ ಮಗಳಿಗೆ ಕೇಡಾದೀತೇ ಎಂದು ತಾಯಿಯೇ ಹಿಂದೆ ಸರಿಯುವುದಿದೆಯಲ್ಲ, ಅದಕ್ಕಿಂತ ದೊಡ್ಡ ಅಮಂಗಳ ಮದುವೆಮನೆಯಲ್ಲಿ ಇನ್ನೇನಿದ್ದೀತು?

ಈ ವಿಷಯದಲ್ಲಿ ನಮ್ಮ ಆಚಾರಕ್ಕಿಂತ ನಮ್ಮ ನುಡಿ ದೊಡ್ಡ ಮನಸ್ಸಿನದು. 'ಮಕ್ಕಳಿಗಾಗಿ ಬದುಕನ್ನೇ ಧಾರೆ ಎರೆದಳು' ಎನ್ನುತ್ತೇವೆ. ಹಾಗೆನ್ನುವಾಗ, ಪಕ್ಕದಲ್ಲಿ ಗಂಡ ಕೂತಿದ್ದನೇ ಎಂದು ಯಾರೂ ಕೇಳುವುದಿಲ್ಲ. ಮಗಳ ಫೀಸಿಗಾಗಿ ಹೊಲಿಗೆ ಯಂತ್ರದ ಮುಂದೆ ಕೂತ ರಾತ್ರಿಗಳಲ್ಲಿ ಈ ತಾಯಿ ಎರೆದದ್ದೂ ಧಾರೆಯೇ. ಮಂಟಪದಲ್ಲಿ ಬಿಟ್ಟ ಒಂದು ಗಿಂಡಿ ನೀರು ಅದರ ಕೊನೆಯ ಹನಿ, ಅಷ್ಟೇ. ಆ ಹನಿಯನ್ನು ನಾವು ಬೇರೆಯವರ ಕೈಗೆ ಕೊಟ್ಟೆವು.

ಗಟ್ಟಿಮೇಳ ಮೊಳಗಿತು. ಆಕೆ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ನಿಂತಲ್ಲಿಂದಲೇ ಅಕ್ಷತೆ ಎಸೆದರು. ಅದು ಮಂಟಪದವರೆಗೆ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ತಲೆಯ ಮೇಲೆ ಬಿತ್ತು.