ಹವಳದ ಮನೆಗೆ ಹೋಗುವ ಮುನ್ನ

ಬರುವ ಬೇಸಿಗೆಯಲ್ಲಿ ಟುಬ್ಬಾಟಹಕ್ಕೆ ಹೋಗಬೇಕೆಂದು ಮನಸ್ಸು ಮಾಡಿದ್ದೇನೆ. ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದಿಂದಾಚೆ, ಸುಲು ಸಮುದ್ರದ ನಡುವೆ ಹಬ್ಬಿರುವ ಹವಳದ ದಿಬ್ಬಗಳವು. 1993ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾಣ. ಅಲ್ಲಿ ಊರಿಲ್ಲ, ಹೋಟೆಲಿಲ್ಲ. ಮರಳುದಿಣ್ಣೆಯ ಮೇಲೆ ಕಾವಲಿನವರ ಒಂದು ಠಾಣೆಯಿದೆ, ಅಷ್ಟೆ. ನೋಡಬೇಕೆನ್ನುವವರು ಸಂಜೆ ಪ್ವೆರ್ತೊ ಪ್ರಿನ್ಸೆಸಾದಲ್ಲಿ ಲಿವ್‌ಅಬೋರ್ಡ್ ಹಡಗು ಹತ್ತಿ, ರಾತ್ರಿಯಿಡೀ ಸುಮಾರು 150 ಕಿಲೋಮೀಟರ್ ಸಾಗಬೇಕು. ಆಮೇಲೆ ಉಣ್ಣುವುದು, ಮಲಗುವುದು, ನೀರಿಗಿಳಿಯುವುದು ಎಲ್ಲ ಆ ಹಡಗಿನಿಂದಲೇ.

ಕಡಲು ಶಾಂತವಾಗಿರುವುದು ಮಾರ್ಚ್ ನಡುವಿನಿಂದ ಜೂನ್ ನಡುವಿನವರೆಗೆ ಮಾತ್ರ. ಕಚೇರಿಯ ರಜೆಯನ್ನು ಆ ಬಿಡುವು ನೋಡಿಕೊಂಡೇ ಕೇಳಬೇಕು. ಪ್ರವೇಶಶುಲ್ಕ ಕಡಿಮೆಯೇನಲ್ಲ. ಆದರೆ ಆ ಹಣ ಠಾಣೆಯ ಕಾವಲಿಗೆ ನೆರವಾಗುತ್ತದೆ ಎಂದು ತಿಳಿದ ಮೇಲೆ ಅದು ಭಾರ ಅನ್ನಿಸುತ್ತಿಲ್ಲ.

ಹಣ, ಟಿಕೆಟ್ಟು, ವೀಸಾ ಹೇಗೋ ಆಗುತ್ತವೆ. ನನ್ನ ಚಿಂತೆಯೆಲ್ಲ ಉಸಿರಿನದು. ಸ್ಕೂಬಾ ಡೈವಿಂಗ್ ಮಾಡುವಾಗ ನೀರೊಳಗೆ ಮೇಲೇಳದೆ, ಕೆಳಗಿಳಿಯದೆ ನಿಂತಲ್ಲೇ ನಿಲ್ಲಲು ಕಲಿಯಬೇಕು. ಉಸಿರು ಒಳಗೆಳೆದುಕೊಂಡ ಒಂದೆರಡು ಕ್ಷಣಕ್ಕೆ ಮೈ ತುಸು ಏರುತ್ತದೆ. ಬಿಟ್ಟರೆ ಅಷ್ಟೇ ಇಳಿಯುತ್ತದೆ. ಸೊಂಟಕ್ಕೆ ಸೀಸದ ತೂಕ ಹೆಚ್ಚಾಗಿದ್ದರೆ ಜಾಕೆಟ್ಟಿಗೆ ಗಾಳಿ ತುಂಬಬೇಕಾಗುತ್ತದೆ, ಎದೆ ಮೇಲಾಗಿ ಕಾಲು ಜೋತುಬೀಳುತ್ತದೆ. ಆಗ ಕಾಲಿಗೆ ತೊಟ್ಟ ಫಿನ್ನಿನ ತುದಿ ಹವಳಕ್ಕೆ ತಗಲಿದ್ದು ನಮ್ಮ ಗಮನಕ್ಕೂ ಬರುವುದಿಲ್ಲ. ಬಂಡೆಯಂತೆ ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ದಪ್ಪವಾಗುತ್ತದೆ. ಆಳೆತ್ತರದ ಗುಂಡೊಂದರಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲವೂ ಸೇರಿರುತ್ತದೆ. ಅದರ ಮೈಮೇಲಿನ ಜೀವಂತ ಪದರವೋ ಬಲು ತೆಳು. ಕಾಯುತ್ತಿರುವ ಕಡಲಿನ ಬಿಸಿಗೆ ಜಗತ್ತಿನ ಹವಳಗಳು ಮತ್ತೆ ಮತ್ತೆ ಬಿಳಿಚಿಕೊಳ್ಳುತ್ತಿರುವ ಈ ಕಾಲದಲ್ಲಿ, ನೋಡಲೆಂದು ಹೋದವರ ಕಾಲೇಟೂ ಅದಕ್ಕೆ ಬೀಳಬಾರದು.

ಬೆಳಗ್ಗೆ ಎದ್ದು ಕಣ್ಮುಚ್ಚಿ ಕೂತು ಉಸಿರನ್ನು ಗಮನಿಸುತ್ತೇನೆ. ನಿಧಾನ, ಉದ್ದ, ಎಡೆಬಿಡದ ಉಸಿರು. ಪ್ರಾಣಾಯಾಮದ ಕುಂಭಕ, ಅಂದರೆ ಉಸಿರು ಹಿಡಿದಿಡುವುದು, ಮಾತ್ರ ಈ ಅಭ್ಯಾಸಕ್ಕೆ ಸಲ್ಲದು. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು; ಅಲ್ಲಿ ಎಳೆದುಕೊಂಡ ಉಸಿರನ್ನು ಕಟ್ಟಿಕೊಂಡು ಮೇಲೇರಿದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಹಿಡಿದಿಟ್ಟುಕೊಳ್ಳದೆ ಉಸಿರಾಡುತ್ತಲೇ ಇರುವುದನ್ನು ನೀರು ಅಷ್ಟು ಖಡಾಖಂಡಿತವಾಗಿ ಕೇಳುತ್ತದೆ. ಮಳೆಗಾಲಕ್ಕೆ ಮುಂಚೆ ಮುರುಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ತೆರಳಿ ಇದನ್ನೆಲ್ಲ ನೀರಿನಲ್ಲೇ ತಿದ್ದಿಕೊಳ್ಳಬೇಕು. ಸೀಸದ ತೂಕ ಎಷ್ಟು ಕಡಿಮೆಯಾದರೆ ಸಾಕು ಎನ್ನುವುದು ಅಲ್ಲೇ ಗೊತ್ತಾಗಬೇಕು.

ಇನ್ನೊಂದು ಎಚ್ಚರ ಹಿಂದಿರುಗುವಾಗಿನದು. ದಿನಕ್ಕೆ ಮೂರು ನಾಲ್ಕು ಸಲ ಇಳಿದವರ ಮೈಯಲ್ಲಿ ಸಾರಜನಕ ಕರಗಿ ಉಳಿದಿರುತ್ತದೆ. ಅದು ಹೊರಹೋಗಲೆಂದು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ, ಸಾಧ್ಯವಾದರೆ ಒಂದಿಡೀ ದಿನ, ವಿಮಾನ ಹತ್ತಬಾರದು. ಅದಕ್ಕೇ ಹಡಗಿನ ಜಾಗ ಕಾದಿರಿಸುವಾಗಲೇ ಪ್ವೆರ್ತೊ ಪ್ರಿನ್ಸೆಸಾದಲ್ಲಿ ಒಂದು ರಾತ್ರಿಗೆ ಕೋಣೆಯನ್ನೂ ಹಿಡಿಯುತ್ತೇನೆ.